ಬ್ರೇಕರ್ ಮೇಲಿನ ಊಟದ ಡಬ್ಬಿ

ನನ್ನ ಗಂಡ ಮನೆಯಲ್ಲಿ ನನ್ನ ಮಾತು ಕೇಳಿದ್ದು ಅಷ್ಟಕ್ಕಷ್ಟೆ. ಆದರೆ ಮುಳಬಾಗಿಲಿನಿಂದ ತಾಯಲೂರಿನ ಕಡೆ ಹೋಗುವ ದಾರಿಯಲ್ಲಿದ್ದ ನಮ್ಮ ಸಬ್‌ಸ್ಟೇಷನ್ನಿನ ಗೇಟು ದಾಟಿದರೆಂದರೆ ಅವರು ನನ್ನನ್ನು "ಮೇಡಂ" ಅನ್ನಲೇಬೇಕಿತ್ತು. ಅವರು ಲೈನ್‌ಮನ್, ನಾನು ಆಪರೇಟರ್. ಬೆಳಿಗ್ಗೆ ಕಾಫಿಗೆ ಸಕ್ಕರೆ ಕಡಿಮೆಯಾಯಿತು ಎಂದು ಎಗರಾಡಿದ ಮನುಷ್ಯ, ಹತ್ತು ಗಂಟೆಗೆ ನನ್ನ ಮೇಜಿನ ಮುಂದೆ ಕೈಕಟ್ಟಿ ನಿಂತು, "ಮೇಡಂ, ಮೂರನೇ ಫೀಡರ್ ಎಲ್‌ಸಿ ಕೊಡಿ" ಅನ್ನುತ್ತಿದ್ದರು. ಆ ಗಳಿಗೆಯಲ್ಲಿ ನನಗೆ ಸಿಗುತ್ತಿದ್ದ ಸುಖವನ್ನು ಯಾಕೆ ಮುಚ್ಚಿಡಲಿ? ಒಂದೊಂದು ದಿನ ಕೇಳಿಸದವಳಂತೆ ಇನ್ನೊಂದು ಸಲ ಹೇಳಿಸುತ್ತಿದ್ದೆ.

ಫೀಡರ್ ಅಂದರೆ ನಮ್ಮ ಸ್ಟೇಷನ್ನಿನಿಂದ ಊರುಗಳ ಕಡೆ ಹೊರಡುವ ಒಂದೊಂದು ಲೈನು; ಎಲ್‌ಸಿ ಅಂದರೆ ಲೈನ್ ಕ್ಲಿಯರ್. ಈ ಲೈನಿನ ಕರೆಂಟು ತೆಗೆದಿದ್ದೇನೆ, ನೀವು ಕೆಲಸ ಮುಗಿಸಿ ಹೇಳುವ ತನಕ ಮತ್ತೆ ಕೊಡುವುದಿಲ್ಲ ಎಂದು ಆಪರೇಟರು ಲೈನ್‌ಮನ್ನಿಗೆ ಕೊಡುವ ಮಾತು ಅದು. ಆ ಮಾತನ್ನು ನಂಬಿಕೊಂಡು ಅವನು ಕಂಬ ಹತ್ತಿ ಬರಿಗೈಯಲ್ಲಿ ತಂತಿ ಹಿಡಿಯುತ್ತಾನೆ. ನಮ್ಮ ಕೆಲಸದಲ್ಲಿ ಉಳಿದದ್ದೆಲ್ಲ ಹೆಚ್ಚುಕಡಿಮೆಯಾದರೂ ನಡೆಯುತ್ತದೆ, ಇದೊಂದು ನಡೆಯುವುದಿಲ್ಲ.

ನನಗೆ ಈ ಕೆಲಸ ಬಂದದ್ದು ತೊಂಬತ್ತರ ದಶಕದ ಮೊದಲಲ್ಲಿ, ಅಪ್ಪ ನೌಕರಿಯಲ್ಲಿರುವಾಗಲೇ ಕಾಯಿಲೆಯಿಂದ ತೀರಿಕೊಂಡ ಮೇಲೆ. ಅನುಕಂಪದ ನೌಕರಿ. ಸೇರಿದ ದಿನ ಹಳೇ ಆಪರೇಟರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನಮ್ಮಾ, ಬಳೆ ಹಾಕ್ಕೊಂಡು ಈ ಹ್ಯಾಂಡಲ್ ಎಳೀತೀಯಾ?" ಎಂದರು. ನಾನು ಬಳೆ ಹಾಕಿಕೊಂಡೇ ಎಳೆದೆ. ಒಂದೆರಡು ಒಡೆದವು ಅನ್ನುವುದು ಬೇರೆ ಮಾತು. ಆಗ ಇದ್ದದ್ದು ಎಣ್ಣೆ ತುಂಬಿದ ಬ್ರೇಕರುಗಳು. ಲೈನಿಗೆ ಕರೆಂಟು ಹಾಕಿ ತೆಗೆಯುವ, ಬೀರುವಿನಷ್ಟೆತ್ತರದ ಕಬ್ಬಿಣದ ಪೆಟ್ಟಿಗೆಗಳು. ಹಾಕುವಾಗಲೂ ತೆಗೆಯುವಾಗಲೂ ಧಡ್ ಎಂದು ಸದ್ದು ಮಾಡಿ ಕಿಟಕಿ ಗಾಜನ್ನೆಲ್ಲ ಅದುರಿಸುತ್ತಿದ್ದವು. ಸಂಜೆ ಮನೆಗೆ ಹೋದರೆ ಸೀರೆಯಲ್ಲಿ ಆ ಎಣ್ಣೆಯ ವಾಸನೆ.

ಆ ಪೆಟ್ಟಿಗೆಗಳ ತಲೆಯ ಮೇಲೆ ಊಟದ ಡಬ್ಬಿಗಳು ಇರುತ್ತಿದ್ದವು. ಯಾರು ಶುರು ಮಾಡಿದರೋ, ನಾನು ಬರುವ ಹೊತ್ತಿಗೆ ಅದು ನಮ್ಮ ಸ್ಟೇಷನ್ನಿನ ಪದ್ಧತಿಯೇ ಆಗಿಹೋಗಿತ್ತು. ಎಲ್‌ಸಿ ತೆಗೆದುಕೊಂಡವನು ತನ್ನ ಊಟದ ಡಬ್ಬಿಯನ್ನು ಆ ಫೀಡರಿನ ಬ್ರೇಕರ್ ಮೇಲಿಟ್ಟು ಹೋಗಬೇಕು. ಕೆಲಸ ಮುಗಿದ ಮೇಲೆ ಅವನೇ ಬಂದು ತನ್ನ ಕೈಯಾರೆ ಡಬ್ಬಿ ತೆಗೆಯಬೇಕು. ಡಬ್ಬಿ ಅಲ್ಲಿರುವ ತನಕ ಆಪರೇಟರು ಹ್ಯಾಂಡಲ್ ಮುಟ್ಟುವ ಹಾಗಿಲ್ಲ. ಕೆಂಪು ಬೋರ್ಡು ನೇತುಹಾಕುವುದು, ಪುಸ್ತಕದಲ್ಲಿ ರುಜು ಮಾಡಿಸುವುದು ಎಲ್ಲ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಬೋರ್ಡು ಗಾಳಿಗೆ ಬೀಳುತ್ತದೆ, ರುಜುವನ್ನು ಒಬ್ಬನ ಬದಲು ಇನ್ನೊಬ್ಬ ಹಾಕುತ್ತಾನೆ. ಹಸಿದವನು ಊಟ ಮರೆಯುವುದುಂಟೇ? ಅವನ ಡಬ್ಬಿಯನ್ನು ಇನ್ನೊಬ್ಬ ಎತ್ತಿಕೊಂಡು ಹೋದರೆ ಸುಮ್ಮನೆ ಬಿಡುತ್ತಾರೆಯೇ?

ಶ್ರೀನಿವಾಸಪುರದಿಂದ ವರ್ಗವಾಗಿ ಬಂದ ಲೈನ್‌ಮನ್ ಒಬ್ಬರು ಮೊದಲ ವಾರ ಇದನ್ನು ನೋಡಿ ಬಿದ್ದು ಬಿದ್ದು ನಕ್ಕರು. ಎರಡನೇ ವಾರ ಅವರೂ ಇಡತೊಡಗಿದರು. ಇನ್ನೊಬ್ಬ ಸಾಬರು ರಂಜಾನ್ ತಿಂಗಳಿನಲ್ಲಿ ಉಪವಾಸವಿದ್ದರೂ ಖಾಲಿ ಡಬ್ಬಿಯನ್ನು ತೊಳೆದು ಒರೆಸಿ ತಂದಿಡುತ್ತಿದ್ದರು. ಶನಿವಾರ ಒಪ್ಪೊತ್ತು ಮಾಡುವವರದೂ ಅಷ್ಟೆ. ನನಗಂತೂ ಯಾರ ಮನೆಯಲ್ಲಿ ಏನು ಸಾರು ಎಂದು ಮುಚ್ಚಳ ತೆಗೆಯದೆ ಹೇಳುವಷ್ಟು ಅಭ್ಯಾಸವಾಗಿತ್ತು. ಒಂದು ಡಬ್ಬಿಯಿಂದ ಮೂರು ದಿನ ಒಂದೇ ವಾಸನೆ ಬಂದರೆ ಆ ಮನೆಯ ಹೆಂಗಸಿಗೆ ಮೈಹುಷಾರಿಲ್ಲ ಎಂದು ಅರ್ಥ. ಸಂಜೆ ವಿಚಾರಿಸಿಕೊಂಡು ಹೋಗುತ್ತಿದ್ದೆ.

ನನ್ನ ಮದುವೆಯಾದದ್ದೂ ಇದೇ ಡಬ್ಬಿಯ ದೆಸೆಯಿಂದ ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರು. ನನ್ನ ಮನೆಯವರು ಆಗ ಒಂಟಿ, ಹೋಟೆಲಿನ ಚಿತ್ರಾನ್ನ ತಂದಿಡುತ್ತಿದ್ದರು. ಪಾಪ ಎನ್ನಿಸಿತು. ಅಷ್ಟೆ ಹೇಳುತ್ತೇನೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ನಮ್ಮ ಎಣ್ಣೆ ಬ್ರೇಕರುಗಳಿಗೆ ಕಾಲ ಮುಗಿಯಿತು. ಲಾರಿಯಲ್ಲಿ ಹೊಸ ಪ್ಯಾನೆಲ್ಲುಗಳು ಬಂದವು. ಬೂದು ಬಣ್ಣ, ನುಣ್ಣಗಿನ ಮುಖ, ಹ್ಯಾಂಡಲ್ಲಿನ ಜಾಗದಲ್ಲಿ ಹಸಿರು ಕೆಂಪು ಗುಂಡಿಗಳು. ಹೆಬ್ಬೆರಳಿನಲ್ಲಿ ಒತ್ತಿದರೆ ಟಕ್ ಎನ್ನುತ್ತಿತ್ತು, ಅಷ್ಟೆ. ತಂತಿಯ ಮೇಲೆ ಕೊಂಬೆ ಬಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ತಾನೇ ಆಫ್ ಆಗಿ, ಯಾವ ತಂತಿಯಲ್ಲಿ ತೊಂದರೆ ಎಂದು ಸಣ್ಣ ಪರದೆಯ ಮೇಲೆ ತೋರಿಸುತ್ತಿತ್ತು. ಹೊಸದನ್ನು ಕಂಡರಾಗದವಳು ನಾನಲ್ಲ. ಆ ಯಂತ್ರ ನನಗೆ ತುಂಬಾ ಹಿಡಿಸಿತು. ನನ್ನ ಭುಜದ ನೋವು ಆ ವರ್ಷವೇ ಕಡಿಮೆಯಾಯಿತು.

ಪ್ಯಾನೆಲ್ಲಿನ ಮೇಲೆ ಡಬ್ಬಿ ಇಡಕೂಡದು ಎಂದು ಕೋಲಾರದಿಂದ ಬಂದ ಇಂಜಿನಿಯರು ಹೇಳಿದರು. ಚಿಕ್ಕ ವಯಸ್ಸಿನವರು, ಒಳ್ಳೆಯ ಮಾತು. "ಸಾರು ಒಳಗೆ ಸೋರಿದ್ರೆ ರಿಲೇ ಎಲ್ಲಾ ಕೆಟ್ಟೋಗುತ್ತಮ್ಮ, ಇರುವೆ ಬೇರೆ ಬರುತ್ತೆ" ಎಂದರು. ಅವರು ಹೇಳಿದ್ದು ಸರಿ. ನಾನು ಒಂದೊಂದು ಪ್ಯಾನೆಲ್ಲಿನ ಮುಂದೆ ಒಂದೊಂದು ಮರದ ಸ್ಟೂಲು ತಂದಿಟ್ಟೆ. ಸ್ಟೂಲಿನ ವಿಷಯ ಯಾರೂ ಏನೂ ಹೇಳಿರಲಿಲ್ಲವಲ್ಲ.

ಹೊಸ ಪ್ಯಾನೆಲ್ಲಿನಲ್ಲಿ ಇನ್ನೂ ಒಂದು ತಿರುಗಣಿ ಇತ್ತು. ಅದಕ್ಕೆ ಚಿಕ್ಕ ಕೀ. ಒಂದು ಕಡೆ ತಿರುಗಿಸಿದರೆ ಲೋಕಲ್, ಇನ್ನೊಂದು ಕಡೆ ರಿಮೋಟ್. ಲೋಕಲ್‌ನಲ್ಲಿದ್ದರೆ ನಾನು ಗುಂಡಿ ಒತ್ತಿದರೆ ಮಾತ್ರ ಲೈನಿಗೆ ಕರೆಂಟು. ರಿಮೋಟ್‌ಗೆ ಹಾಕಿದರೆ, ಎಲ್ಲೋ ದೂರದ ಕಂಟ್ರೋಲ್ ರೂಮಿನಲ್ಲಿ ಕಂಪ್ಯೂಟರ್ ಮುಂದೆ ಕೂತವರು ಅಲ್ಲಿಂದಲೇ ಹಾಕಬಹುದು, ತೆಗೆಯಬಹುದು. ಒಂದೇ ಕಡೆ ಕೂತು ತಾಲ್ಲೂಕಿನ ಲೈನುಗಳನ್ನೆಲ್ಲ ನೋಡಿಕೊಳ್ಳುತ್ತಾರಂತೆ. "ಹಂಗಾದ್ರೆ ನಾವು ಯಾತಕ್ಕೆ ಸಾರ್?" ಎಂದು ನಾನು ಕೇಳಿದ್ದಕ್ಕೆ ಇಂಜಿನಿಯರು ನಕ್ಕು, "ಇರ್ತೀರಾ ಬಿಡಿ" ಎಂದಿದ್ದರು.

ಆ ರಿಮೋಟ್ ಅನ್ನು ನಮ್ಮಲ್ಲಿ ಮೊದಲ ಸಲ ನಡೆಸಿ ನೋಡುವುದೆಂದು ಗೊತ್ತಾದ ದಿನ ಅವರೆಕಾಯಿಯ ಕಾಲ. ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಳಿಗ್ಗೆ ನಮ್ಮ ಮನೆಯಲ್ಲಿ ಜಗಳ. ಊರಿಗೂರೇ ಹಿತಕಿದ ಬೇಳೆ ಸಾರು ಉಣ್ಣುತ್ತಿರುವಾಗ ನಾನು ಹುರುಳಿ ಸಾರು ಮಾಡಿ ಡಬ್ಬಿಗೆ ಹಾಕಿದ್ದೆ.

"ಅವರೆಕಾಯಿ ಕಾಲದಾಗೂ ಹುರುಳಿ ಸಾರಾ? ನಾನೇನು ಎತ್ತೇನೇ?" ಎಂದರು.

"ಕಾಯಿ ಸುಲಿದು, ನೆನೆಹಾಕಿ, ಒಂದೊಂದೇ ಬೇಳೆ ಹಿತುಕೋಕೆ ಯಾರಿದಾರೆ ಇಲ್ಲಿ? ನಿಮ್ಮಮ್ಮನ್ನ ಕರೆಸ್ಲಾ?" ಎಂದೆ ನಾನು. ಅತ್ತೆಯ ಸುದ್ದಿ ಎತ್ತಿದರೆ ಅವರಿಗೆ ಎಲ್ಲಿಲ್ಲದ ಸಿಟ್ಟು. ಇಬ್ಬರೂ ಮಾತಿಲ್ಲದೆ ಬೈಕಿನಲ್ಲಿ ಸ್ಟೇಷನ್ನಿಗೆ ಬಂದೆವು.

ಮೂರನೇ ಫೀಡರಿನ ಒಂದು ಕಂಬದಲ್ಲಿ ಜಂಪರ್, ಅಂದರೆ ತಂತಿಗೆ ತಂತಿ ಸೇರಿಸುವ ತುಂಡು, ಸುಟ್ಟುಹೋಗಿತ್ತು. ಅದನ್ನು ಹಾಕಲು ಅವರು ಎಲ್‌ಸಿ ಕೇಳಿದರು. "ಮೇಡಂ" ಎನ್ನುವುದನ್ನು ಹಲ್ಲು ಕಚ್ಚಿಕೊಂಡು ಅಂದರು. ನಾನು ಬ್ರೇಕರ್ ತೆಗೆದೆ, ತಿರುಗಣಿಯನ್ನು ಲೋಕಲ್‌ಗೆ ತಿರುಗಿಸಿ ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅವರು ಹುರುಳಿ ಸಾರಿನ ಡಬ್ಬಿಯನ್ನು ಸ್ಟೂಲಿನ ಮೇಲೆ ಕುಕ್ಕಿ ಹೊರಟುಹೋದರು.

ಮಧ್ಯಾಹ್ನದ ಹೊತ್ತಿಗೆ ಆ ಫೀಡರಿನ ತೋಟಗಳಿಗೆ ತ್ರೀ ಫೇಸ್ ಕೊಡುವ ಸಮಯ. ಪಂಪ್‌ಸೆಟ್ಟು ಓಡುವುದು ಆ ಕೆಲವೇ ಗಂಟೆ. ಹೊತ್ತಾದರೂ ಕರೆಂಟು ಬರಲಿಲ್ಲವೆಂದು ನಾಲ್ಕಾರು ಜನ ರೈತರು ಗೇಟಿನ ಹತ್ತಿರ ಬಂದು ನಿಂತರು. ಅವರಲ್ಲಿ ಒಬ್ಬರ ದನಿಯೇ ಜೋರು. ತಲೆಗೆ ಟವೆಲ್ ಸುತ್ತಿದ್ದ, ನರೆತ ಮೀಸೆಯ ಟೊಮ್ಯಾಟೊ ಬೆಳೆಗಾರರು. ಕಾಯಿ ಹಣ್ಣಿಗೆ ತಿರುಗಿತ್ತು, ಎರಡು ದಿನದಲ್ಲಿ ಕೋಲಾರದ ಮಾರ್ಕೆಟ್ಟಿಗೆ ಹಾಕಬೇಕಿತ್ತು, ನೀರು ಬಿಡದೆ ಗಿಡ ಸೊರಗುತ್ತಿತ್ತು. ಅವರ ಸಂಕಟ ಸುಳ್ಳಲ್ಲ. ನಮ್ಮ ಮನೆಯೂ ಒಂದು ಕಾಲಕ್ಕೆ ಬೇಸಾಯದ ಮನೆಯೇ.

"ಏಂ ತಲ್ಲಿ, ಇಂಕಾ ಎಂತ ಸೇಪು?" ಎಂದು ಅವರು ತೆಲುಗಿನಲ್ಲಿ ಕೂಗಿದರು. ಇನ್ನೆಷ್ಟು ಹೊತ್ತು ಎಂದು.

"ಲೈನ್ ಮೇಲೆ ಜನ ಇದಾರಣ್ಣ. ಇಳಿದ ಮೇಲೆ ಕೊಡ್ತೀನಿ" ಎಂದೆ ಕಿಟಕಿಯಿಂದ.

ಒಳಗೆ ಇಂಜಿನಿಯರು ಬಂದು ಕೂತಿದ್ದರು. ಮೂರನೇ ಫೀಡರಿನ ಕೆಲಸ ಮುಗಿದ ಕೂಡಲೇ ಅದನ್ನೇ ರಿಮೋಟ್‌ನಿಂದ ಹಾಕಿಸುವುದೆಂದು ಅವರ ಲೆಕ್ಕ. ಕಂಟ್ರೋಲ್ ರೂಮಿನವರು ಅವರ ಫೋನಿಗೆ ಕಾಯುತ್ತಿದ್ದರು. ಅಷ್ಟರಲ್ಲಿ ನಮ್ಮ ಮನೆಯವರ ಫೋನು ಬಂತು. ಮೊಬೈಲು ಆಗಷ್ಟೇ ಲೈನ್‌ಮನ್‌ಗಳ ಜೇಬಿಗೂ ಇಳಿದಿತ್ತು.

"ಮೇಡಂ, ಜಂಪರ್ ಹಾಕಾಯ್ತು. ಎಲ್‌ಸಿ ವಾಪಸ್. ಲೈನ್ ಚಾರ್ಜ್ ಮಾಡಿ."

"ಎಲ್ಲಿದೀರಾ?"

"ಇಲ್ಲೇ... ಕಂಬದ ಹತ್ರ."

ಕಂಬದ ಹತ್ತಿರ ತಟ್ಟೆಯ ಸದ್ದು ಯಾಕೆ ಬರುತ್ತದೆ? ಅದರ ಹಿಂದೆಯೇ ಒಬ್ಬ ಅಜ್ಜಿಯ ದನಿ, "ಇನ್ನೊಂದ್ ಮುದ್ದೆ ಇಕ್ಕಲಾ ಸ್ವಾಮಿ?"

"ಏನ್ ಸಾರು?" ಎಂದು ಕೇಳಿದೆ.

ಆ ಕಡೆಯಿಂದ ಸಣ್ಣಗೆ, "ಹಿತಕಿದ ಬೇಳೆ."

"ಡಬ್ಬಿ ಇಲ್ಲಿದೆ. ಬಂದು ತೊಗೊಳ್ಳಿ. ಆಮೇಲೆ ಚಾರ್ಜ್ ಮಾಡ್ತೀನಿ."

"ಲೇ, ತಲೆಗಿಲೆ ಕೆಟ್ಟಿದೆಯೇನೇ? ಕೆಲ್ಸ ಮುಗೀತು ಅಂತ ನಾನೇ ಹೇಳ್ತಿದೀನಲ್ಲ! ಡಬ್ಬಿಗೋಸ್ಕರ ಅಷ್ಟು ದೂರ ಬರ್ಬೇಕಾ? ಸಾಹೇಬ್ರು ಬೇರೆ ಬಂದಿದಾರೆ, ಮಾನ ಕಳೀಬೇಡ."

"ಸ್ಟೇಷನ್ನಿಗೆ ಫೋನ್ ಮಾಡಿ ಲೇ ಗೀ ಅನ್ಬೇಡಿ. ಮೇಡಂ ಅನ್ನಿ" ಎಂದು ಫೋನು ಇಟ್ಟೆ.

ಈಗ ಇದನ್ನು ಕೇಳಿದವರು, ನಿನಗೆ ಒಳಗೇನೋ ತೋಚಿರಬೇಕು, ದೇವರೇ ಹೇಳಿಸಿರಬೇಕು ಎನ್ನುತ್ತಾರೆ. ಏನೂ ತೋಚಿರಲಿಲ್ಲ. ದೇವರು ಆ ಕಡೆ ತಲೆಯೂ ಹಾಕಿರಲಿಲ್ಲ. ನಾನು ಬೆಳಗಿನ ಜಾವ ಎದ್ದು ಮಾಡಿದ ಸಾರನ್ನು ಇಲ್ಲಿ ಕುಕ್ಕಿ ಹೋಗಿ, ಅಲ್ಲಿ ಯಾರದೋ ಮನೆಯಲ್ಲಿ ಹಿತಕಿದ ಬೇಳೆ ಸುರಿದುಕೊಂಡು ಉಣ್ಣುತ್ತಿದ್ದಾರಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು. ಡಬ್ಬಿ ಎತ್ತಲಿಕ್ಕಾದರೂ ಅವರು ಬರಲಿ, ಬಂದು ನನ್ನ ಮುಖ ನೋಡಲಿ. ಅಷ್ಟೇ ಇದ್ದದ್ದು ನನ್ನ ಮನಸ್ಸಿನಲ್ಲಿ.

"ಏನಂತಮ್ಮ?" ಎಂದು ಇಂಜಿನಿಯರು ಕೇಳಿದರು.

"ಕೆಲಸ ಮುಗೀತಂತೆ ಸಾರ್."

"ಹಾಗಾದ್ರೆ ರಿಮೋಟ್‌ಗೆ ಹಾಕಿ. ಕಂಟ್ರೋಲ್ ರೂಮಿನವರು ಕಾಯ್ತಿದಾರೆ."

"ಡಬ್ಬಿ ಇನ್ನೂ ತೊಗೊಂಡಿಲ್ಲ ಸಾರ್."

ಅವರು ಡಬ್ಬಿಯನ್ನು ನೋಡಿದರು, ನನ್ನನ್ನು ನೋಡಿದರು. ಸಿಟ್ಟಾಗಲಿಲ್ಲ. "ಎಲ್‌ಸಿ ತೊಗೊಂಡವರೇ ಫೋನ್ ಮಾಡಿ ವಾಪಸ್ ಕೊಟ್ಟಿದಾರಲ್ಲಮ್ಮ. ಇನ್ನೇನು ಬೇಕು?" ಎಂದರು. ಹಿತಕಿದ ಬೇಳೆ ಎಂದು ಹೇಳಲಿಕ್ಕಾಗುತ್ತದೆಯೇ?

"ಇಲ್ಲಿ ಮೊದಲಿಂದ ಹಿಂಗೇ ಸಾರ್. ಬರ್ತಾರೆ ಈಗ" ಎಂದೆ.

"ನಾನು ಮೇಲಕ್ಕೆ ಬರೀಬೇಕಾಗುತ್ತೆ. ನನಗೂ ಕೇಳೋರು ಇದಾರೆ."

"ಬರೀರಿ ಸಾರ್."

ಅವರು ತಿರುಗಣಿಯ ಕಡೆ ಕೈ ಚಾಚಿದರು. ಕೀ ಇಲ್ಲದೆ ಅದು ತಿರುಗದು. ಕೀ ನನ್ನ ಸೊಂಟದಲ್ಲಿ. ಹೆಂಗಸಿನ ಸೊಂಟದಿಂದ ಕೀ ಕಿತ್ತುಕೊಳ್ಳುವಂಥ ಮನುಷ್ಯ ಅವರಲ್ಲ, ಪಾಪ. ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡುತ್ತ ನಿಂತರು. ಅವರನ್ನು ಕಂಡದ್ದೇ ತಡ, ಗೇಟಿನ ಹತ್ತಿರದ ಗಲಾಟೆ ಹೆಚ್ಚಾಯಿತು.

ಟೊಮ್ಯಾಟೊದವರು ಗೇಟಿನ ಕಂಬಿ ಹಿಡಿದು ಅಲ್ಲಾಡಿಸಿದರು. "ಸಾರ್, ಲೈನ್‌ಮನ್ನು ಕಂಬ ಇಳಿದು ಊಟಕ್ಕೋಗಿದ್ನ ನಾನೇ ಕಣ್ಣಾರೆ ನೋಡ್ಕೊಂಡು ಬಂದಿವ್ನಿ! ಆ ಲೈನ್ ಮ್ಯಾಲೆ ಒಂದು ನರಪಿಳ್ಳೆ ಇಲ್ಲ. ಹೆಂಗಸ್ರುನ್ನ ತಂದು ಕೂರ್ಸಿದ್ರೆ ಹಿಂಗೇಯ. ಆ ಕೀ ಇತ್ಲಾಗ್ ಬಿಸಾಕು ಅನ್ನಿ, ನಾವೇ ಹಾಕ್ಕೊಂತೀವಿ!"

ನನಗೆ ಅಳು ಬಂದಂತಾಯಿತು. ಕಣ್ಣೀರು ಹಾಕಿದರೆ ಕೆಟ್ಟೆ ಎಂದು ಫ್ಯಾನಿನ ಕಡೆ ನೋಡುತ್ತ ಕೂತೆ. ಎಲ್ಲರೂ ಹೇಳುತ್ತಿರುವುದು ಒಂದೇ. ಲೈನಿನ ಮೇಲಿದ್ದವರೇ ಹೇಳಿದ್ದಾರೆ, ಸಾಹೇಬರು ಹೇಳಿದ್ದಾರೆ, ನೋಡಿ ಬಂದವರು ಹೇಳುತ್ತಿದ್ದಾರೆ. ನನ್ನ ಒಂದು ಸಾರಿನ ಸಿಟ್ಟಿಗೆ ಅಷ್ಟು ಜನರ ತೋಟ ಒಣಗಬೇಕೆ? ಸಾಕಪ್ಪ ಸಾಕು ಎನ್ನಿಸಿ ಸೊಂಟದ ಕೀಯನ್ನು ಕೈಗೆ ತೆಗೆದುಕೊಂಡೂ ಆಗಿತ್ತು. ಆಗ ಬೈಕಿನ ಸದ್ದು ಕೇಳಿಸಿತು. ಬರುತ್ತಿದ್ದಾರೆ ಎಂದು ಗೊತ್ತಾದ ಕೂಡಲೇ ಸಿಟ್ಟು ಮತ್ತೆ ಬಂತು. ಮೊದಲ ಮಾತು ಏನು ಅನ್ನಬೇಕೆಂದು ಬಾಯಲ್ಲಿ ಜೋಡಿಸಿಕೊಂಡೆ.

ಆ ಮಾತು ಆಡಲಾಗಲಿಲ್ಲ. ಗೇಟಿನಲ್ಲಿ ಅಷ್ಟು ಜನ ಮೇಲೆ ಬಿದ್ದು ಕೇಳಿದರೂ ಅವರು ಯಾರಿಗೂ ಉತ್ತರ ಕೊಡದೆ ಒಳಗೆ ಬಂದರು. ಆ ಚಳಿಯಲ್ಲಿ ಅಂಗಿ ಬೆವರಿನಿಂದ ತೊಪ್ಪೆಯಾಗಿತ್ತು. ಸ್ಟೂಲಿನ ಮುಂದೆ ನಿಂತು ಡಬ್ಬಿಯನ್ನು ಎರಡೂ ಕೈಯಿಂದ ಎತ್ತಿಕೊಂಡರು.

"ಏನ್ರೀ? ಏನಾಯ್ತು?" ಎಂದೆ.

"ಹಾಕ್ಲಿಲ್ಲ ತಾನೇ? ಲೈನ್ ಹಾಕ್ಲಿಲ್ಲ ತಾನೇ ನೀನು?"

"ಇಲ್ಲ."

ಅವರು ಗೋಡೆಗೆ ಒರಗಿ ಹಾಗೇ ಕೆಳಗೆ ಕೂತರು. ಸ್ವಲ್ಪ ಸ್ವಲ್ಪವಾಗಿ ಹೇಳಿದರು. ಊಟ ಮುಗಿಸಿ ನನ್ನನ್ನು ಬೈದುಕೊಳ್ಳುತ್ತ ಬೈಕು ಹತ್ತಿದ್ದರು. ಲೈನಿನ ಪಕ್ಕದ ಬಂಡಿದಾರಿಯಲ್ಲೇ ಬರಬೇಕು. ಮಾವಿನ ತೋಪು ದಾಟಿ ತಿರುಗಿದರೆ, ಅಲ್ಲಿನ ಟ್ರಾನ್ಸ್‌ಫಾರ್ಮರ್ ಕಂಬದ ಮೇಲೆ ಒಬ್ಬ ಹುಡುಗ. ಮದುವೆಯಾಗಿ ಇನ್ನೂ ವರ್ಷ ತುಂಬದವನು. ಒಂದು ಕೈಯಲ್ಲಿ ಮೇಲಿನ ಹನ್ನೊಂದು ಸಾವಿರ ವೋಲ್ಟಿನ ತಂತಿಗೆ ತಾಗಿದ ಕಬ್ಬಿಣ ಹಿಡಿದು, ಇನ್ನೊಂದು ಕೈಯಲ್ಲಿ ಫ್ಯೂಸ್ ತಂತಿ ಸುತ್ತುತ್ತಿದ್ದ. ಆ ಹುಡುಗನ ಮನೆಯ ಪಂಪ್‌ಸೆಟ್ಟಿಗೆ ಹಿಂದಿನ ದಿನದಿಂದ ಒಂದು ಫೇಸ್ ಇರಲಿಲ್ಲವಂತೆ. ಲೈನ್ ಹೇಗೂ ಆಫ್ ಇದೆ, ಇದನ್ನೂ ಹಾಕಿಬಿಡೋಣ ಎಂದು ಹತ್ತಿದ್ದ. ಲೈನ್‌ಮನ್ ನೋಡಿದರೆ ಬೈದು ಇಳಿಸುತ್ತಾರೆಂದು, ಅವರು ಊಟಕ್ಕೆ ಹೋಗುವುದನ್ನೇ ತೋಪಿನಲ್ಲಿ ಕೂತು ಕಾದಿದ್ದನಂತೆ.

"ನಾನು ನಿಂಗೆ ಫೋನ್ ಮಾಡಿ ಹಾಕು ಅಂದೆನಲ್ಲ, ಆವಾಗ್ಲೇ ಅವನು ಹತ್ತಿದ್ದು ಕಣೇ. ಕೂಗಿದ್ರೆ ಗಾಬರಿಯಿಂದ ಬಿದ್ದುಬಿಡ್ತಾನೆ ಅಂತ ಮೆತ್ತಗೆ ಮಾತಾಡ್ಸಿ ಇಳಿಸ್ದೆ. ಕೆನ್ನೆಗೆ ಬಾರಿಸ್ಬೇಕು ಅಂತ ಕೈ ಎತ್ತಿದ್ರೆ ಕೈನೇ ಏಳ್ಲಿಲ್ಲ."

ಸ್ಟೇಷನ್ನಿನಲ್ಲಿ ಕಣೇ ಎಂದದ್ದಕ್ಕೆ ನಾನು ಏನೂ ಅನ್ನಲಿಲ್ಲ. ಕೈಯಲ್ಲಿದ್ದ ಕೀಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಇಂಜಿನಿಯರು ಕಿಟಕಿಯಿಂದ ತಿರುಗಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಜೇಬಿನಿಂದ ಫೋನು ತೆಗೆದು ಕಂಟ್ರೋಲ್ ರೂಮಿನವರಿಗೆ, "ಇವತ್ತು ಬೇಡ, ಇಟ್ಬಿಡಿ" ಎಂದಷ್ಟೇ ಹೇಳಿದರು.

"ಯಾರ ಮನೆ ಹುಡುಗ?" ಎಂದೆ.

ಅವರು ಗೇಟಿನ ಕಡೆ ನೋಡಿದರು. ಡಬ್ಬಿಯನ್ನು ಕೆಳಗಿಟ್ಟು ಎದ್ದು ಹೊರಗೆ ಹೋದರು. ನಾನೂ ಹಿಂದೆಯೇ ಹೋದೆ. ಟೊಮ್ಯಾಟೊದವರು ಇನ್ನೂ ಕಂಬಿ ಹಿಡಿದುಕೊಂಡೇ ಇದ್ದರು.

"ಬಂದ್ಯಾ? ಊಟ ಚೆನ್ನಾಗಾಯ್ತಾ? ಹೇಳಪ್ಪ ಈವಮ್ಮನಿಗೆ, ಲೈನ್ ಮ್ಯಾಲೆ ಯಾರೂ ಇಲ್ಲ ಅಂತ."

"ನಿಮ್ಮ ಹುಡುಗ ಇದ್ದ ಯಜಮಾನ್ರೇ" ಎಂದರು ನಮ್ಮ ಮನೆಯವರು. "ತೋಪಿನ ಟ್ರಾನ್ಸ್‌ಫಾರ್ಮರ್ ಮೇಲೆ. ಈಗ ಇಳಿಸಿ ಬಂದೆ."

ಅವರಿಗೆ ಮೊದಲು ಅರ್ಥವಾಗಲಿಲ್ಲ. "ಯಾವ ಹುಡುಗ?" ಎಂದರು. ಪಕ್ಕದಲ್ಲಿದ್ದವರ ಮುಖ ನೋಡಿದರು. ಆಮೇಲೆ ಕಂಬಿಯ ಮೇಲಿನ ಕೈ ತಾನಾಗಿಯೇ ಸಡಿಲವಾಯಿತು. "ನಾನೇ ಕಳ್ಸಿದ್ದು" ಎಂದರು. "ಬೆಳಿಗ್ಗೆ ನಾನೇ ಹೇಳಿದ್ದು, ಲೈನ್ ಆಫ್ ಐತೆ, ಆ ಫೀಜು ಹಾಕ್ಬುಡು ಅಂತ. ಆವಾಗ್ಲೇ ಹಾಕಿ ಮನೆಗೋಗವ್ನೆ ಅಂತ ನಾನು..." ಅವರು ಜಲ್ಲಿಕಲ್ಲಿನ ಮೇಲೆಯೇ ಕುಕ್ಕರಗಾಲಿನಲ್ಲಿ ಕೂತು, ತಲೆಯ ಟವೆಲ್ ಬಿಚ್ಚಿ ಬಾಯಿಗೆ ಒತ್ತಿಕೊಂಡರು.

ನನಗೆ ಅವರ ಮೇಲೆ ಒಂದಿಷ್ಟೂ ಸಿಟ್ಟು ಉಳಿದಿರಲಿಲ್ಲ. ತ್ರೀ ಫೇಸಿನ ಹೊತ್ತು ಕಳೆಯುತ್ತಿತ್ತು, ಉಳಿದವರಿಗೂ ನೀರು ಬೇಕು. ನಾನು ಗೇಟು ತೆಗೆದು ಅವರ ಹತ್ತಿರ ಹೋಗಿ ಬಗ್ಗಿದೆ.

"ಅಣ್ಣಾ, ಲೈನ್‌ಮನ್ ಬಂದಾಯ್ತು. ಕರೆಂಟು ಕೊಡ್ಲಾ?"

ಅವರು ತಲೆ ಎತ್ತಲಿಲ್ಲ. ನನ್ನ ಸೆರಗಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ತಡಿಯಮ್ಮ, ಹಾಕ್ಬೇಡ. ಅವ್ನು ಮನೆಗೆ ಬಂದವ್ನೆ ಅಂತ ಯಾರಾನ ಬಂದು ಹೇಳ್ಲಿ. ಆಮೇಲೆ ಕೊಡು, ತಾಯಿ."